ಇಲ್ಲದವರ ಕೈಬರಹ

ಈಚೆಗೆ ಕೆಲವು ತಿಂಗಳಿಂದ ನಾನು ಇಲ್ಲದ ಜನರ ಹೆಸರಿನಲ್ಲಿ ಚೀಟಿ ಬರೆಯುತ್ತಿದ್ದೇನೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮನಸ್ಸಿಗೆ ಹಗುರ. ಬಂಗಾರಪೇಟೆಯ ಹಾಲಿನ ಅಂಗಡಿಯ ಮುಂದೆ ಯಾರಾದರೂ “ಈಗ ಏನ್ ಮಾಡ್ಕೊಂಡಿದ್ದೀರಾ ಸಾರ್?” ಎಂದು ಕೇಳಿದರೆ “ಏನೋ ಒಂದಿಷ್ಟು ಬರವಣಿಗೆ” ಎನ್ನುತ್ತೇನೆ. ಅವರು ನನ್ನನ್ನು ಲೇಖಕನೆಂದು ತಿಳಿದು ಸ್ವಲ್ಪ ದೂರ ಸರಿದು ನಿಲ್ಲುತ್ತಾರೆ. ನಾನು ತಿದ್ದುವುದಿಲ್ಲ. ಪುಕ್ಕಟೆಯಾಗಿ ಸಿಕ್ಕ ಮರ್ಯಾದೆಯನ್ನು ಬೇಡವೆನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಸಂಗತಿ ಇಷ್ಟು. ಶೈಲಾ ಅಂತ ಒಬ್ಬ ಹುಡುಗಿ. ಅವಳ ತಾತನೂ ನಾನೂ ಕೆ.ಜಿ.ಎಫ್. ಗಣಿಯಲ್ಲಿ ಒಟ್ಟಿಗೆ ಇದ್ದವರು. ಒಟ್ಟಿಗೆ ಎಂದರೆ ಅವರು ಭೂಮಿಯ ಕೆಳಗೆ, ನಾನು ಮೇಲೆ, ಹಾಜರಿ ಬರೆಯುವ ಟೈಮ್ ಆಫೀಸಿನಲ್ಲಿ. ಈ ಹುಡುಗಿ ಇಬ್ಬರು ಸ್ನೇಹಿತರ ಜೊತೆ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಕಂಪ್ಯೂಟರಿನ ಆಟ ತಯಾರಿಸುತ್ತಿದ್ದಾಳೆ. ಆ ಆಟದಲ್ಲಿ ಗುಂಡು ಹಾರಿಸುವುದಿಲ್ಲ, ಗಾಡಿ ಓಡಿಸುವುದಿಲ್ಲ. ಆಡುವವನು ಜನ ಬಿಟ್ಟುಹೋದ ಒಂದು ಗಣಿ ಕಾಲೊನಿಯಲ್ಲಿ ಒಬ್ಬನೇ ನಡೆಯುತ್ತಾನೆ. ಮನೆ ಮನೆಯ ಬಾಗಿಲು ತೆಗೆದು, ಅಲ್ಲಿದ್ದವರು ಬರೆದಿಟ್ಟ ಚೀಟಿಗಳನ್ನು ಓದಿ, ಯಾರು ಹೇಗಿದ್ದರು ಎಂದು ತಿಳಿದುಕೊಳ್ಳುತ್ತಾನೆ.

“ಗೆಲ್ಲೋದು ಯಾವಾಗಮ್ಮ?” ಎಂದು ಕೇಳಿದೆ.

“ಗೆಲ್ಲೋದೇನಿಲ್ಲ ಅಂಕಲ್. ಸುಮ್ನೆ ಓಡಾಡೋದು, ಓದೋದು ಅಷ್ಟೇಯ.”

ಖಾಲಿ ಮನೆಯಲ್ಲಿ ಗೆಲ್ಲದೆ ಸುಮ್ಮನೆ ಓಡಾಡುವ ಆಟವನ್ನು ನಾನು ಕಂಪ್ಯೂಟರಿಲ್ಲದೆಯೇ ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ. ಆದರೆ ಅವಳಿಗೆ ಅದನ್ನು ಹೇಳಲಿಲ್ಲ. ಚಿಕ್ಕವರು ಉತ್ಸಾಹದಿಂದ ಮಾತಾಡುವಾಗ ನಮ್ಮ ಗೋಳು ತೆಗೆಯಬಾರದು.

ಆ ಚೀಟಿಗಳಿಗೆ ಕಂಪ್ಯೂಟರಿನ ಅಕ್ಷರ ಹಾಕಿದರೆ ಒಂದು ‘ಅ’ ಇನ್ನೊಂದು ‘ಅ’ದ ಹಾಗೆಯೇ ಇರುತ್ತದಂತೆ, ಕಣ್ಣಿಗೆ ಸುಳ್ಳು ಎಂದು ಥಟ್ಟನೆ ಗೊತ್ತಾಗುತ್ತದಂತೆ. ಅದಕ್ಕೆ ನಿಜವಾದ ಕೈಬರಹ ಬೇಕು. ಅವಳ ತಾತನ ಪೆಟ್ಟಿಗೆಯಲ್ಲಿ ನಾನು ಬರೆದುಕೊಟ್ಟಿದ್ದ ಒಂದು ರಜಾ ಅರ್ಜಿ ಸಿಕ್ಕಿತಂತೆ. ತಾತ ಅದನ್ನು ಕೊಡದೆಯೇ ರಜಾ ಹಾಕಿದ್ದರೆಂದು ಈಗ ಪತ್ತೆಯಾಯಿತು. ಏನೇ ಇರಲಿ, ಅಕ್ಷರ ನೋಡಿ ಹುಡುಗಿ ನನ್ನನ್ನು ಹುಡುಕಿಕೊಂಡು ಬಂದಳು.

ಕೈಬರಹದ ಬಗ್ಗೆ ನನಗೆ ಜಂಬವಿತ್ತು. ಒಂದೇ ವಾರದಲ್ಲಿ ಇಪ್ಪತ್ತು ಚೀಟಿ ಬರೆದೆ. ಒಂದೊಂದು ಅಕ್ಷರವೂ ಮುತ್ತು ಪೋಣಿಸಿದ ಹಾಗೆ. ಶೈಲಾ ಒಂದೊಂದನ್ನೂ ನೋಡಿದಳು, ತಲೆ ಕೆರೆದುಕೊಂಡಳು.

“ಅಂಕಲ್, ಎಲ್ಲಾನೂ ಒಬ್ರೇ ಬರ್ದಂಗೈತೆ.”

“ಒಬ್ಬನೇ ಬರೆದದ್ದು ತಾನೆ?”

“ಅದೇ ಪ್ರಾಬ್ಲಮ್ಮು. ಶಿಫ್ಟ್ ಮುಗ್ಸಿ ಬಂದವ್ರು ಇಂಗೆಲ್ಲಾ ಬರೀತಾರಾ? ಇದು ಮದ್ವೆ ಕಾರ್ಡಿನಂಗೈತೆ.”

ಅವತ್ತಿನಿಂದ ನಾನು ಕೆಟ್ಟದಾಗಿ ಬರೆಯುವುದನ್ನು ಕಲಿಯಲು ಕುಳಿತೆ. ಇದು ಅಷ್ಟು ಸುಲಭವಲ್ಲ ಕಣ್ರೀ. ಮಗುವಿನ ಚೀಟಿಯನ್ನು ಎಡಗೈಯಲ್ಲಿ ಬರೆದೆ. ಕುಡುಕನದನ್ನು ಬಸ್ಸಿನಲ್ಲಿ ಕುಳಿತು, ಬೂದಿಕೋಟೆ ರಸ್ತೆಯ ಗುಂಡಿಗಳ ಸಹಾಯದಿಂದ ಬರೆದೆ. ಏದುಸಿರು ಬಿಡುತ್ತಾ ಬಂದವನ ಚೀಟಿಗಾಗಿ ಮಹಡಿ ಮೆಟ್ಟಿಲನ್ನು ನಾಲ್ಕು ಸಲ ಹತ್ತಿ ಇಳಿದು, ಐದನೆಯ ಸಲ ಪೆನ್ನು ಹಿಡಿದೆ. ಕೆಳಮನೆಯಾಕೆ ಹೊರಗೆ ಬಂದು “ಏನಾರ ಕಳ್ಕೊಂಡ್ರಾ ಸಾರ್?” ಎಂದು ಕೇಳಿದರು. ಇಲ್ಲವೆಂದೆ. ಆ ಚೀಟಿ ಮಾತ್ರ ಚೆನ್ನಾಗಿ ಬಂತು.

ಶೈಲಾಳ ಸ್ನೇಹಿತರು ಕಾಗದವನ್ನು ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೆಯದು ಮಾಡುತ್ತಿದ್ದರು. ನನಗೆ ನಗು ಬಂತು. ನಮ್ಮ ಲೈನುಗಳಲ್ಲಿ, ಅಂದರೆ ಗಣಿಯವರು ಕಟ್ಟಿಸಿದ್ದ ಸಾಲು ಮನೆಗಳಲ್ಲಿ, ಚೀಟಿ ಬರೆಯಲೆಂದು ಯಾರೂ ಕಾಗದ ಕೊಳ್ಳುತ್ತಿರಲಿಲ್ಲ. ಹೋದ ತಿಂಗಳ ಕ್ಯಾಲೆಂಡರಿನ ಹಾಳೆ, ಮಾತ್ರೆಯ ಪೊಟ್ಟಣ, ಬೆಂಕಿಪೊಟ್ಟಣದ ಒಳಮೈ. ಕಲೆ ಟೀಯದಲ್ಲ, ಸಾರಿನದು. ತಮಿಳಲ್ಲಿ ಮಾತಾಡಿ, ತೆಲುಗಲ್ಲಿ ಬೈದು, ಕನ್ನಡದಲ್ಲಿ ಬರೆಯುವ ಜನ ಒಂದೇ ಗೋಡೆಯ ಆಚೆ ಈಚೆ ಇದ್ದರು. ಇಷ್ಟೆಲ್ಲಾ ಹೇಳಿದ ಮೇಲೆ ಹುಡುಗರು ನನ್ನನ್ನು ಪಂಡಿತನ ಹಾಗೆ ಕಾಣಲು ಶುರುಮಾಡಿದರು.

ಪಂಡಿತ ಎಂದ ಮೇಲೆ ಒಂದು ಮಾತು. ನಮ್ಮ ಕೋಲಾರದ ಕಡೆ ಎಲ್ಲಿ ಎಡವಿದರೂ ಒಂದು ಶಾಸನದ ಕಲ್ಲು ಕಾಲಿಗೆ ಸಿಗುತ್ತದೆ. ಯಾವ ರಾಜ ಯಾವ ಕೆರೆಗೆ ಯಾವ ಗದ್ದೆ ಬಿಟ್ಟ, ಯಾರು ದನಗಳನ್ನು ಬಿಡಿಸಲು ಹೋಗಿ ಸತ್ತ, ಎಲ್ಲವೂ ಕಲ್ಲಿನ ಮೇಲಿದೆ. ಆ ಸತ್ತವನು ಮನೆಯಿಂದ ಹೊರಟಾಗ ಹೆಂಡತಿ ಏನು ಹೇಳಿದಳೆಂದು ಯಾವ ಕಲ್ಲಿನಲ್ಲೂ ಇಲ್ಲ. ಬೇಗ ಬನ್ನಿ ಅಂದಿರಬಹುದು, ಬರುವಾಗ ಉಪ್ಪು ತನ್ನಿ ಅಂದಿರಬಹುದು. ಸಾವಿರ ವರ್ಷ ಉಳಿಯಬೇಕಾದ ಮಾತು ಯಾವುದು ಎಂದು ಕಲ್ಲು ಕೆತ್ತುವವರು ತೀರ್ಮಾನಿಸಿದರು. ಉಪ್ಪಿನ ಮಾತನ್ನು ಬಿಟ್ಟುಬಿಟ್ಟರು.

ನಾನೂ ಬಿಟ್ಟವನೇ. ಯಾರ್ಯಾರ ಚೀಟಿ ಬೇಕೆಂದು ಶೈಲಾ ಕೊಟ್ಟಿದ್ದ ಪಟ್ಟಿಯ ಕೊನೆಯಲ್ಲಿ ಹೀಗಿತ್ತು: ‘ಒಬ್ಬ ಹೆಂಡತಿ, ಶಿಫ್ಟಿನಿಂದ ಬರುವ ಗಂಡನಿಗೆ.’ ಅದನ್ನು ಓದಿದ ತಕ್ಷಣ, ಇದೊಂದನ್ನು ಮುನಿರತ್ನಳ ಅಕ್ಷರದಲ್ಲೇ ಬರೆಯಬೇಕು ಎಂದು ಹಠ ಹುಟ್ಟಿತು. ಬರೆಯಲು ಕುಳಿತರೆ ಅವಳ ಅಕ್ಷರ ನೆನಪಿಗೆ ಬರಲಿಲ್ಲ.

ಮುನಿರತ್ನ ನನ್ನ ಹೆಂಡತಿ. ಅವಳು ಹೋಗಿ ಇಪ್ಪತ್ತು ವರ್ಷ ದಾಟಿತು. ನಮಗೆ ಮಕ್ಕಳಿಲ್ಲ. ಅವಳ ಫೋಟೋ ಇದೆ, ಎರಡು ಸೀರೆ ಇವೆ, ಹೊಲಿಗೆ ಯಂತ್ರ ಇದೆ. ಚೀಟಿ ಒಂದೂ ಇಲ್ಲ. ಸಾವಿರಾರು ಚೀಟಿ ಬರೆದ ಹೆಂಗಸು ಅವಳು, ಅವನ್ನೆಲ್ಲ ಓದಿ ಒಲೆಗೆ ಹಾಕಿದ ಗಂಡಸು ನಾನು. ಒಂದನ್ನಂತೂ ಓದಲೇ ಇಲ್ಲ. ಅದನ್ನು ಸ್ವಲ್ಪ ತಡೆದು ಹೇಳುತ್ತೇನೆ, ಈಗಲೇ ಹೇಳಿದರೆ ಮಿಕ್ಕದ್ದನ್ನು ಬರೆಯಲು ನನ್ನ ಕೈಲಾಗುವುದಿಲ್ಲ.

ನಮ್ಮ ಸಂಸಾರ ಬಹುಪಾಲು ಚೀಟಿಯ ಮೇಲೆಯೇ ನಡೆಯಿತು. ಕೆ.ಜಿ.ಎಫ್.ನಲ್ಲೇ ಮೈಸೂರು ಮೈನ್ಸ್ ಎನ್ನುವ ಗಣಿಯ ಒಂದು ಲೈನ್ ಮನೆಯಲ್ಲಿ ಇದ್ದೆವು. ನನಗೆ ವಾರಕ್ಕೊಂದು ಶಿಫ್ಟು. ಅವಳು ಬೇತಮಂಗಲದಲ್ಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವಳು ಬಸ್ಸು ಹತ್ತಿರುತ್ತಿದ್ದಳು. ಮಧ್ಯಾಹ್ನದ ಪಾಳಿಗೆ ನಾನು ಹೊರಟ ಮೇಲೆ ಅವಳು ಬರುತ್ತಿದ್ದಳು. ಜಗಳವನ್ನೂ ಚೀಟಿಯಲ್ಲೇ ಆಡಿದ್ದೇವೆ. ಚೀಟಿಯ ಜಗಳದಲ್ಲಿ ಒಂದು ಅನುಕೂಲವಿದೆ. ಉತ್ತರ ಕೊಡಲು ಎಂಟು ಗಂಟೆ ಸಮಯ ಸಿಗುತ್ತದೆ, ಅಷ್ಟರಲ್ಲಿ ಸಿಟ್ಟು ಆರಿ ‘ಆಯ್ತು’ ಎಂದಷ್ಟೇ ಬರೆಯುತ್ತೇವೆ.

ಅಕ್ಷರಕ್ಕಾಗಿ ಮನೆಯೆಲ್ಲಾ ಜಾಲಾಡಿದೆ. ಕೊನೆಗೆ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ, ಅವಳ ಅಳತೆ ಪುಸ್ತಕ ಸಿಕ್ಕಿತು. ಗಿರಾಕಿಗಳ ಹೆಸರು, ಪಕ್ಕದಲ್ಲಿ ಎದೆ, ತೋಳು, ಕುತ್ತಿಗೆ. ಊರ ಹೆಂಗಸರ ರವಿಕೆ ಅಳತೆಯನ್ನು ಕನ್ನಡಕ ಏರಿಸಿಕೊಂಡು ಗಂಟೆಗಟ್ಟಲೆ ನೋಡುತ್ತಾ ಕೂತ ಮುದುಕನನ್ನು ಯಾರಾದರೂ ಕಂಡಿದ್ದರೆ ನನ್ನ ಗೌರವ ಹಾಲಿನ ಅಂಗಡಿಯಲ್ಲಿ ಹರಾಜಾಗುತ್ತಿತ್ತು. ನಾನು ನೋಡುತ್ತಿದ್ದುದು ಅವಳ ‘ತ’ವನ್ನು. ತೋಳಿನ ‘ತ’ವನ್ನು ಅವಳು ದಾರದ ಗಂಟಿನ ಹಾಗೆ ಒಳಗೆ ಸುತ್ತಿ ಬಿಗಿಯುತ್ತಿದ್ದಳು. ‘ಮ್ಮ’ ಬರೆಯುವಾಗ ಒತ್ತಕ್ಷರ ದೂರ ಜಾರುತ್ತಿತ್ತು. ಪದ್ಮಮ್ಮ, ಚೌಡಮ್ಮ, ಅಂಜಮ್ಮ, ಎಲ್ಲರ ಒತ್ತೂ ಜಾರಿದೆ. ಗಿರಾಕಿಗಳ ಹೆಸರುಗಳಿಂದ ಒಂದೊಂದೇ ಅಕ್ಷರ ಬಿಡಿಸಿಕೊಂಡು ಅಭ್ಯಾಸ ಮಾಡಿದೆ. ಒಂದು ತಿಂಗಳಾಯಿತು. ಒಂದು ಮಧ್ಯಾಹ್ನ ಕೈ ತಾನಾಗಿ ಅವಳ ‘ತ’ ಬರೆಯಿತು. ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಮುಚ್ಚಿಡುವುದೇನು ಬಂತು, ನೋಡುವವರಾದರೂ ಯಾರಿದ್ದರು?

ಅಕ್ಷರ ಬಂತು, ಬರೆಯಬೇಕಾದ ಮಾತು ಬರಲಿಲ್ಲ. ಮೊದಲು, ಭೂಮಿಯ ಕತ್ತಲಿಗೂ ಮನೆಯ ದೀಪಕ್ಕೂ ಸಂಬಂಧ ಕಲ್ಪಿಸಿ ಒಂದು ಪುಟ ಬರೆದೆ. ಶೈಲಾ ಓದಿ ಬಹಳ ಮರ್ಯಾದೆಯಿಂದ “ಇದು ಭಾಷಣ ಇದ್ದಂಗೈತೆ ಅಂಕಲ್” ಎಂದಳು. ಆಮೇಲೆ, “ಆಂಟಿ ನಿಮ್ಗೆ ಏನಂತ ಬರೀತಿದ್ರು?” ಎಂದು ಕೇಳಿದಳು.

“ಸಾರು ಮುಚ್ಚಿಟ್ಟಿದ್ದೀನಿ ಅಂತ.”

“ಮತ್ತೆ ಅದನ್ನೇ ಬರೀರಿ.”

ಚೀಟಿಯನ್ನು ಎಲ್ಲಿಡುವುದು ಎಂದೂ ಕೇಳಿದಳು. ಅವರು ಎಲ್ಲ ಚೀಟಿಗಳನ್ನೂ ಗೋಡೆಗೆ, ಎದೆಯ ಎತ್ತರಕ್ಕೆ ಅಂಟಿಸಿದ್ದರು. ನಮ್ಮ ಲೈನಿನಲ್ಲಿ ಹಾಗೆ ಅಂಟಿಸಿದರೆ ಸಂಜೆಯವರೆಗೂ ಉಳಿಯುತ್ತಿರಲಿಲ್ಲ. ಗಣಿಯ ಮಣ್ಣಿನ ದಿಬ್ಬಗಳ ಕಡೆಯಿಂದ ಗಾಳಿ ಬೀಸಿದರೆ ಮನೆಯೊಳಗೆ ಬಿಳಿ ದೂಳು, ಕಾಗದವೆಲ್ಲಾ ಬೀದಿಯಲ್ಲಿ. ಅದಕ್ಕೇ ಹೆಂಗಸರು ಒಂದು ಪದ್ಧತಿ ಮಾಡಿಕೊಂಡಿದ್ದರು. ಲೋಟದಲ್ಲಿ ನೀರು ತುಂಬಿ, ಮೇಲೆ ತಟ್ಟೆ ಮುಚ್ಚಿ, ಚೀಟಿಯನ್ನು ಲೋಟದ ಕೆಳಗಿಡುವುದು. ಶಿಫ್ಟು ಮುಗಿಸಿ ಬಂದವನು ಮೊದಲು ಕೇಳುವುದೇ ನೀರು. ಲೋಟ ಎತ್ತಿದರೆ ಚೀಟಿ ಸಿಗುತ್ತದೆ.

ಸಿಗುತ್ತದೆ, ಲೋಟದ ತಳ ಒದ್ದೆಯಾಗಿರದಿದ್ದರೆ. ಗಣಿ ಮುಚ್ಚುವ ಹಿಂದಿನ ವರ್ಷ ಒಂದು ಬೆಳಿಗ್ಗೆ ರಾತ್ರಿ ಪಾಳಿ ಮುಗಿಸಿ ಬಂದೆ. ಲೋಟ ಎತ್ತಿ ನೀರು ಕುಡಿದೆ. ಕೆಳಗೆ ಚೀಟಿ ಇರಲಿಲ್ಲ, ಇವತ್ತು ಹೇಳುವಂಥದ್ದೇನೂ ಇಲ್ಲ ಎಂದುಕೊಂಡೆ. ಲೋಟವನ್ನು ಬಚ್ಚಲಿನ ಪಾತ್ರೆಗಳ ಜೊತೆ ಹಾಕಿ ಮಲಗಿದೆ. ಸಂಜೆ ಅವಳು ಬಂದು ಪಾತ್ರೆ ತಿಕ್ಕಲು ಕುಳಿತಳು. ಲೋಟ ತಿರುಗಿಸಿದಳು. ತಳದಿಂದ ಏನನ್ನೋ ಉಗುರಿನಲ್ಲಿ ಕೆರೆದು ತೆಗೆದು, ಬೂದಿಗೆ ಹಾಕಿದಳು.

“ಏನದು?” ಎಂದೆ.

“ಏನಿಲ್ಲ, ಚೀಟಿ. ಅಂಟ್ಕೊಂಡಿತ್ತು.”

“ಏನಂತ ಬರೆದಿದ್ದೆ?”

“ಕೋಲಾರದ ಆಸ್ಪತ್ರೆಗೆ ಓಗಿದ್ದೆ. ಡಾಕ್ಟ್ರು ನಿಮ್ಮನ್ನೂ ಕರ್ಕೊಂಡ್ ಬಾ ಅಂದಿದ್ರು. ಎರಡು ಗಂಟೆವರ್ಗೂ ಕಾಯ್ತೀನಿ, ಬನ್ನಿ ಅಂತ ಬರ್ದಿದ್ದೆ.”

“ಆಮೇಲೆ?”

“ಆಮೇಲೇನು. ಓಗ್ಲಿ ಬಿಡಿ, ಬಸ್ಸು ಬೇಗ್ನೆ ಸಿಗ್ತು.”

ಅವತ್ತು ಡಾಕ್ಟರು ಅವಳ ಕಾಯಿಲೆಯ ಹೆಸರು ಹೇಳಿದರು. ಅದನ್ನು ಅವಳೊಬ್ಬಳೇ ಕೂತು ಕೇಳಿಸಿಕೊಂಡಳು. ಅದಾದ ಮೇಲೆ ಮೂರು ವರ್ಷ ಬದುಕಿದ್ದಳು, ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಈ ಮನೆಗೂ ಬಂದಳು. ನಾನು ಆಸ್ಪತ್ರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಆ ದಿನದ ಬೆಂಚಿನ ಮೇಲೆ ನಾನಿರಲಿಲ್ಲ. ಅವಳು ಮಾರನೆಯ ದಿನದಿಂದ ಚೀಟಿಯನ್ನು ಲೋಟದ ಕೆಳಗಿಡದೆ ಅನ್ನದ ಪಾತ್ರೆಯ ಮುಚ್ಚಳದ ಮೇಲಿಟ್ಟು, ಮೇಲೆ ಸೌಟು ಇಡತೊಡಗಿದಳು. ಅವಳು ಮಾಡಿದ ಆಕ್ಷೇಪಣೆ ಅದೊಂದೇ.

ಆಟಕ್ಕೆ ನಾನು ಬರೆದುಕೊಟ್ಟದ್ದು ಆ ಚೀಟಿಯನ್ನೇ. ‘ಸಾರು ಮುಚ್ಚಿಟ್ಟಿದ್ದೀನಿ. ಡಾಕ್ಟ್ರು ನಿಮ್ಮನ್ನೂ ಕರ್ಕೊಂಡ್ ಬಾ ಅಂದವ್ರೆ. ಕೋಲಾರದ ಆಸ್ಪತ್ರೆ ತಾವ ಎರಡು ಗಂಟೆವರ್ಗೂ ಕಾಯ್ತೀನಿ, ಬನ್ನಿ.’ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ಅವಳ ‘ತ’, ಅವಳ ಜಾರುವ ಒತ್ತು. ಬರೆದು ಮುಗಿಸಿ ದೂರ ಹಿಡಿದು ಓದಿದೆ. ಅವಳ ಬಾಯಿಂದ ಕೇಳಿದ್ದ ಮಾತನ್ನು ಕಣ್ಣಿಂದ ಓದಿದ್ದು ಅದೇ ಮೊದಲು. ಶೈಲಾಳಿಗೆ ಹಿಂದಿನ ಕಥೆಯನ್ನೇನೂ ಹೇಳಲಿಲ್ಲ. ಲೋಟದ ಕೆಳಗಲ್ಲ, ತಳಕ್ಕೆ ಅಂಟಿರಬೇಕು ಎಂದು ಮಾತ್ರ ಹೇಳಿದೆ. ಆಡುವವನು ಲೋಟವನ್ನು ಕೈಗೆ ತೆಗೆದುಕೊಂಡು ತಿರುಗಿಸಿದರೆ ಕಾಣಬೇಕು. ಅವಳು ಹಾಗೆಯೇ ಮಾಡಿದಳು.

ಹೋದ ವಾರ ಫೋನ್ ಮಾಡಿದ್ದಳು. ಆಟ ಬಿಡುಗಡೆಯಾಗುವ ಮೊದಲು ಒಂದಷ್ಟು ಜನರಿಗೆ ಆಡಿ ನೋಡಲು ಕೊಟ್ಟಿದ್ದರಂತೆ.

“ಒಬ್ರಿಗೂ ನಿಮ್ ಚೀಟಿ ಕಾಣಿಸ್ಲಿಲ್ಲ ಅಂಕಲ್. ಎಲ್ರೂ ಲೋಟ ಎತ್ತವ್ರೆ, ಅಂಗೇ ಇಟ್ಟು ಓಗವ್ರೆ. ತಳದಲ್ಲಿ ಒಂಚೂರು ಬೆಳಕು ಬರೋ ಅಂಗೆ ಮಾಡ್ಲಾ? ಆಗ ಗೊತ್ತಾಗುತ್ತೆ.”

ಬೆಳಕು ಬಂದರೆ ಒಳ್ಳೆಯದೇ ಅಲ್ಲವೇ? ಆ ಬೆಳಿಗ್ಗೆ ನಮ್ಮ ಲೋಟದ ತಳದಲ್ಲಿ ಒಂಚೂರು ಬೆಳಕಿದ್ದಿದ್ದರೆ ಎಂದು ನಾನೇ ಎಷ್ಟು ಸಲ ಅಂದುಕೊಂಡಿಲ್ಲ?

“ಹಾಗೆ ಇಟ್ಟು ಹೋದವರು ಆ ಮನೆಗೆ ಮತ್ತೆ ಬರಬಹುದೇನಮ್ಮ?” ಎಂದು ಕೇಳಿದೆ.

“ಎಷ್ಟ್ ಸಲ ಬೇಕಾದ್ರೂ ಬರ್ಬೋದು.”

“ಅಷ್ಟರಲ್ಲಿ ಎರಡು ಗಂಟೆ ಆಗಿಬಿಡೋದಿಲ್ವಾ?”

“ಇಲ್ಲ ಅಂಕಲ್. ಆಟದಲ್ಲಿ ಟೈಮ್ ಓಡಲ್ಲ. ಆ ಮನೇಲಿ ಯಾವಾಗ್ ನೋಡಿದ್ರೂ ಬೆಳಿಗ್ಗೇನೇ.”

“ಹಾಗಿದ್ದರೆ ಬೆಳಕು ಬೇಡ, ಬಿಡಮ್ಮ” ಎಂದೆ.

ನೀವು ಎಂದಾದರೂ ಆ ಆಟ ಆಡಿದರೆ, ಸಾಲಿನ ಮೂರನೆಯ ಮನೆಗೆ ಒಮ್ಮೆ ಹೋಗಿ. ನೀರು ಕುಡಿಯುವ ನೆಪದಲ್ಲಿ ಲೋಟ ಎತ್ತಿ, ಎತ್ತಿದ ಮೇಲೆ ತಳ ತಿರುಗಿಸಿ ನೋಡಿ. ಮರೆತು ಬಂದರೂ ಬೇಜಾರು ಮಾಡಿಕೊಳ್ಳಬೇಡಿ, ಇನ್ನೊಂದು ಸಲ ಹೋದರಾಯಿತು. ಅಲ್ಲಿ ಎರಡು ಗಂಟೆಗೆ ಇನ್ನೂ ಬಹಳ ಹೊತ್ತಿದೆ.