ಘಾಟು ಕುಡಿದ ಮೀನುಗಳು

ಆ ಸಲದ ಮೆಣಸಿನಕಾಯಿ ಸೀಸನ್ನಿನಲ್ಲಿ ನಮ್ಮ ಬ್ಯಾಡಗಿಯ ಮನೆಯೊಳಗೆ ಉಸಿರಿಗೆ ಕಷ್ಟಪಡುತ್ತಿದ್ದುದು ಗಾಜಿನ ತೊಟ್ಟಿಯ ಮೀನುಗಳು ಮತ್ತು ನನ್ನ ಹೆಂಡತಿ. ನಾನು ಆರೈಕೆ ಮಾಡಿದ್ದು ಮೀನುಗಳನ್ನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ.

ನನ್ನದು ಒಣಮೆಣಸಿನಕಾಯಿ ದಲಾಲಿ. ಕೆಳಗೆ ಅಂಗಡಿ, ಗೋದಾಮು, ಮೇಲೆ ಮನೆ. ಗೋದಾಮು ತುಂಬಿದರೆ ಚೀಲಗಳು ಮೆಟ್ಟಿಲು ಹತ್ತಿ ಪಡಸಾಲೆಗೂ ಬರುತ್ತಿದ್ದವು. ಹೊರಗಿನವರು ನಮ್ಮೂರಿಗೆ ಕಾಲಿಟ್ಟೊಡನೆ ಸೀನತೊಡಗುತ್ತಾರೆ, ನಮಗದು ತಮಾಷೆ. ಹುಟ್ಟಿದಾಗಿನಿಂದ ಅದೇ ಗಾಳಿ ಕುಡಿದವನು ನಾನು. ಘಾಟು ಎಂಬುದು ನನ್ನ ಮೂಗಿಗೆ ತಿಳಿಯುವುದೇ ಇಲ್ಲ. ಹೆಂಡತಿಯ ತವರು ಮೇಡ್ಲೇರಿ, ಹೊಳೆಯ ದಂಡೆಯ ಊರು. ಮದುವೆಯಾಗಿ ಬಂದ ದಿನವೇ ಅವಳಿಗೆ ಕೆಮ್ಮು ಹತ್ತಿತು. "ರೂಢಿ ಆಗತೈತಿ ಬಿಡವಾ" ಎಂದಳು ನಮ್ಮವ್ವ. ನಾನೂ ಅದನ್ನೇ ಅಂದೆ. ಮೂವತ್ತು ವರ್ಷ ಅದನ್ನೇ ಅನ್ನುತ್ತ ಬಂದೆ. ಮೊದಮೊದಲು ಮಳೆ ಬಿದ್ದರೆ ಕೆಮ್ಮು ಹೋಗುತ್ತಿತ್ತು. ಈಚೆಗೆ ಮಳೆಗೂ ಜಗ್ಗುತ್ತಿರಲಿಲ್ಲ. ಮನೆಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತಿದ್ದಳು.

ಮೀನು ಸಾಕುವ ಆಸೆ ಅವಳದೇ. "ಮನ್ಯಾಗ ಕಣ್ಣಿಗೆ ಒಂದೀಟು ನೀರು ಕಾಣಲಿ" ಎಂದಿದ್ದಳು. ರಾಣೆಬೆನ್ನೂರಿನ ಮೀನಿನ ಅಂಗಡಿಯಿಂದ ತೊಟ್ಟಿ, ನೀರಿಗೆ ಗಾಳಿ ಊದುವ ಪಂಪು ಮತ್ತು ಆರು ಗೋಲ್ಡ್‌ಫಿಶ್ ತಂದು ಪಡಸಾಲೆಯಲ್ಲಿಟ್ಟೆ. ಮಳೆಗಾಲದಲ್ಲಿ ತಂದವು ದೀಪಾವಳಿ ದಾಟಿದರೂ ಗುಂಡಗುಂಡಗೆ ಓಡಾಡಿಕೊಂಡಿದ್ದವು. ಸಂಕ್ರಾಂತಿಯ ಹೊತ್ತಿಗೆ ಮಾಲು ಬರತೊಡಗಿತು, ಪಡಸಾಲೆಗೂ ಚೀಲ ಬಂದವು. ಕೆಲವೇ ದಿನಗಳಲ್ಲಿ ಮೀನುಗಳು ನೀರಿನ ಮೇಲ್ಗಡೆಗೆ ಬಂದು ಬಾಯಿ ತೆರೆದು ನಿಂತವು. ರೆಕ್ಕೆ ಮಡಚಿಕೊಂಡಿದ್ದವು. ಕಿವಿರು ಕೆಂಪಗೆ ಉಬ್ಬಿತ್ತು.

ನಾನು ಹಿಡಿದ ಕೆಲಸ ಬಿಡುವವನಲ್ಲ. ಅಂಗಡಿಗೆ ಇಳಿಯುವ ಮೊದಲು ಒಂದು ತಾಸು ಮೀನಿಗೇ ಮೀಸಲಾಯಿತು. ರೋಗ ಬಂದವನ್ನು ಬೇರೆ ಬಕೆಟ್ಟಿಗೆ ಹಾಕಿ ದಿನಾ ನೀರು ಬದಲಿಸಿದೆ. ಅಂಗಡಿಯ ಸಣ್ಣ ತಕ್ಕಡಿಯಲ್ಲಿ ಹರಳುಪ್ಪು ತೂಗಿ ನೀರಿಗೆ ಬೆರೆಸಿದೆ. ನೀಲಿ ಔಷಧ ಹನಿ ಎಣಿಸಿ ಬಿಟ್ಟೆ. ಯಾವ ಮೀನು ಯಾವ ದಿನ ತಿಂದಿತು, ಯಾವುದು ಉಗುಳಿತು ಎಂದು ಹಳೆಯ ಡೈರಿಯಲ್ಲಿ ಬರೆದಿಟ್ಟೆ. ಉಸಿರಿಗೆ ಗಾಳಿ ಸಾಲುತ್ತಿಲ್ಲವೆಂದು ಇನ್ನೂ ದೊಡ್ಡ ಪಂಪು ತಂದು ಕೂಡಿಸಿದೆ. ಮರುದಿನ ಎರಡು ಸತ್ತವು.

ಒಂದು ಬೆಳಿಗ್ಗೆ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದೆ. ಹೆಂಡತಿ ನನ್ನ ಬೆನ್ನ ಹಿಂದೆ ನಿಂತು ಮೀನು ನೋಡುತ್ತಿದ್ದಳು. ಅವಳಿಗೆ ಕೆಮ್ಮು ಹತ್ತಿತು, ಜೋರಾಗಿ, ಬಿಡದೆ. ನೀರಿನಲ್ಲಿ ಮೀನು ಬೆಚ್ಚಿ ಸುತ್ತು ಹೊಡೆದವು.

"ಆಕಡೆ ಹೋಗಿ ಕೆಮ್ಮು. ಮೀನು ಅಂಜತಾವ" ಎಂದೆ.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ಮಾತು ಈಗಲೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ನನ್ನ ಸಿಟ್ಟೆಲ್ಲ ಮೀನು ಮಾರಿದವನ ಮೇಲೆ. ರೋಗಿಷ್ಟ ಮೀನು ಕೊಟ್ಟು ಟೋಪಿ ಹಾಕಿದ್ದಾನೆ ಎಂದುಕೊಂಡೆ. ಉಳಿದ ನಾಲ್ಕನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಪಂಪಿನ ನಳಿಕೆಯಿಂದಲೇ ಗಾಳಿ ತುಂಬಿ, ಬಾಯಿಗೆ ರಬ್ಬರು ಬಿಗಿದು ರಾಣೆಬೆನ್ನೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ.

ಅಂಗಡಿಯವನು ಶಾಂತ ಮನುಷ್ಯ. ಬೈಗುಳವನ್ನೆಲ್ಲ ನಿಂತು ಕೇಳಿದ. ಆಮೇಲೆ ಚೀಲದ ರಬ್ಬರು ಬಿಚ್ಚಿ ಮುಖ ಹತ್ತಿರ ತಂದವನೇ ಒಂದು, ಎರಡು, ಮೂರು ಸಲ ಸೀನಿದ. ಕಣ್ಣಲ್ಲಿ ನೀರು ಬಂತು.

"ಕಾಕಾರ, ಯಾವ ಊರ್ರಿ ನಿಮ್ಮದು?"

"ಬ್ಯಾಡಗಿ."

"ಮನ್ಯಾಗ ಮೆಣಸಿನಕಾಯಿ ಅದಾವೇನ್ರಿ?"

"ಅದಾವ. ನಮ್ಮ ಧಂದೇನ ಅದು."

"ಪಂಪ್ ಎಲ್ಲಿ ಇಟ್ಟೀರಿ?"

"ಚೀಲದ ಮ್ಯಾಲ" ಎಂದೆ. ಪಂಪನ್ನು ಇಟ್ಟಿದ್ದು ತೊಟ್ಟಿಯ ಪಕ್ಕದ ಮೆಣಸಿನಕಾಯಿ ಚೀಲದ ಮೇಲೆ. ಕೈಗೆ ಸಿಗುವ ಹಾಗೆ ಇರಲೆಂದು.

"ನೀರು ಛಲೋನ ಬದಲ್ ಮಾಡೀರಿ" ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ಆದ್ರ ಇವಕ್ಕ ರೋಗ ಇಲ್ರಿ. ಆ ಪಂಪ್ ಮನ್ಯಾಗಿನ ಗಾಳೀನ ಎಳದು ನೀರಿಗೆ ಬಿಡತೈತಿ. ಘಾಟೂ ಅದರ ಸಂಗಾಟ ಹೋಗತೈತಿ. ಹದಿನೈದು ದಿನ ಇಲ್ಲೇ ಬಿಡ್ರಿ. ಔಷಧ ಏನೂ ಬ್ಯಾಡ, ಬರೇ ಛಲೋ ಗಾಳಿ ಸಿಕ್ಕರ ಸಾಕು."

ಊರಿಗೆ ಬಂದವನು ಊಟಕ್ಕೆ ಕೂತು ಇದನ್ನು ಹೆಂಡತಿಗೆ ದೊಡ್ಡ ಶೋಧ ಮಾಡಿದವನಂತೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಲೇ ಕೇಳಿದಳು. ಮರುದಿನವೇ ಹಮಾಲರನ್ನು ಕರೆಸಿ ಪಡಸಾಲೆಯ ಚೀಲಗಳನ್ನೆಲ್ಲ ಕೆಳಗೆ ಇಳಿಸಿದೆ. ಗೋಡೆ ಒರೆಸಿಸಿದೆ, ನೆಲ ಎರಡು ಸಲ ತೊಳೆಸಿದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತುವ ಏರ್ಪಾಟು ಮಾಡಿದೆ. ಆ ಚೀಲಗಳನ್ನು ಮೇಲೆ ತರಬೇಡಿರೆಂದು ಅವಳು ಎಷ್ಟು ಸೀಸನ್ನು ಕೇಳಿಕೊಂಡಿದ್ದಳೋ, ಆಗೆಲ್ಲ ಕೆಳಗೆ ಜಾಗವಿಲ್ಲ ಎಂದಿದ್ದೆ. ಮೀನಿಗೋಸ್ಕರ ಒಂದೇ ಮಧ್ಯಾಹ್ನದಲ್ಲಿ ಜಾಗ ಸಿಕ್ಕಿತ್ತು. ಇದು ಆ ಹೊತ್ತಿನಲ್ಲಿ ನನಗೆ ಹೊಳೆಯಲೂ ಇಲ್ಲ.

ಹದಿನೈದನೆಯ ದಿನ ಅಂಗಡಿಯವನ ಫೋನು ಬಂತು. ನಾಲ್ಕೂ ಚೇತರಿಸಿಕೊಂಡಿದ್ದವು, ಬಾಲ ಬೀಸಿಕೊಂಡು ಕಾಳಿಗೆ ಜಗಳಾಡುತ್ತಿದ್ದವಂತೆ. ಖುಷಿಯಿಂದ ಅಂಗಿ ಹಾಕಿಕೊಂಡು ಮೀನು ತರಲು ಪ್ಲಾಸ್ಟಿಕ್ ಚೀಲ ಹುಡುಕುತ್ತಿದ್ದೆ.

"ತರಬ್ಯಾಡ್ರಿ" ಎಂದಳು ಹೆಂಡತಿ. ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತಿದ್ದಳು.

"ಯಾಕ? ಎಲ್ಲಾ ಸ್ವಚ್ಛ ಮಾಡೇನಲ್ಲ."

"ಮನಿ ಸ್ವಚ್ಛ ಮಾಡೀರಿ. ಊರು ಏನ್ ಮಾಡ್ತೀರಿ? ಅಲ್ಲಿ ಛಲೋ ಉಸಿರಾಡಾಕ ಹತ್ಯಾವ, ಅಲ್ಲೇ ಇರಲಿ. ಹೊಳ್ಳಿ ಇಲ್ಲಿಗೆ ತಂದು ಅವಕ್ಕ ರೂಢಿ ಮಾಡಸಬ್ಯಾಡ್ರಿ."

ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಉಸಿರು ಸಾಲದಾಯಿತು. ಬಾಯಿ ತೆರೆದು, ಕತ್ತು ಮುಂದೆ ಚಾಚಿ, ಗಾಳಿಗಾಗಿ ತಡಕಾಡಿದಳು. ಎಷ್ಟೋ ವಾರ ದಿನಾ ಬೆಳಿಗ್ಗೆ ಬಕೆಟ್ಟಿನ ಮುಂದೆ ಕುಳಿತು ನಾನು ನೋಡಿದ್ದು ಅದನ್ನೇ. ಹುಡುಕುವುದನ್ನು ಬಿಟ್ಟೆ. ಅವಳ ಪಕ್ಕದಲ್ಲಿ ನೆಲಕ್ಕೆ ಕುಳಿತು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

ಅವಳ ಉಸಿರಿಗಾಗಿ ಹಾವೇರಿಯಲ್ಲಿ ಬಾಡಿಗೆ ಮನೆ ಹಿಡಿದದ್ದು ಆಮೇಲೆ. ಮೊದಲು ಹೋದದ್ದು ಅಲ್ಲಿನ ಡಾಕ್ಟರ ಹತ್ತಿರ. ಅವರು ನಳಿಕೆಯೊಂದರಲ್ಲಿ ಅವಳಿಂದ ಊದಿಸಿ, ಎದೆಯ ಫೋಟೋ ನೋಡಿ, ಹೋದದ್ದು ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು. ಆಮೇಲೆ ಪೆನ್ನು ತೆಗೆದರು.

"ಈ ತ್ರಾಸು ಯಾವಾಗಿಂದ ಐತ್ರಿ?"

ಅವಳು ನನ್ನ ಕಡೆ ನೋಡಿದಳು. ನೀವೇ ಹೇಳ್ರಿ ಎನ್ನುವ ಹಾಗಿತ್ತು. ಯಾವ ಮೀನು ಯಾವ ದಿನ ರೆಕ್ಕೆ ಮಡಚಿತು ಎಂಬುದು ನನಗೆ ಬಾಯಿಪಾಠವಿತ್ತು. ಅವಳದು ಒಂದೂ ನೆನಪಾಗಲಿಲ್ಲ.

"ನನ್ನ ಕೂಡ ಲಗ್ನ ಆದಾಗಿಂದ್ರಿ" ಎಂದೆ.

ಡಾಕ್ಟರು ಅದನ್ನು ಹಾಗೆಯೇ ಬರೆದುಕೊಂಡರು.