ಕಾರ್ಡು, ಕುಂಕುಮ ಮತ್ತು ಅಪ್ಪನ ಬಾಯಿ

ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಸುಲಭದ ಕೆಲಸವಲ್ಲ. ಅಚ್ಚು ಹಾಕಿಸಿದ ಕಾರ್ಡು ಬೇಕು, ಅದರ ಮೂಲೆಗೆ ಅರಿಶಿನ ಬೇಕು, ಹೆಂಗಸರ ಹಣೆಗೆ ಕುಂಕುಮ ಇಡಬೇಕು, ಕೊನೆಗೆ ಮನೆ ಯಜಮಾನನೇ ಬಾಯಿ ಬಿಟ್ಟು "ಎಲ್ಲಾ ಬರಬೇಕು" ಎನ್ನಬೇಕು. ಇದರಲ್ಲಿ ಒಂದು ತಪ್ಪಿದರೂ ಕರೆದಂತಲ್ಲ. ಬಂಧುಗಳಿಗೆ ಬರೀ ಕಾರ್ಡು ಅಂಚೆಯಲ್ಲಿ ಬಂತೆಂದರೆ ಬರಬೇಡಿ ಎಂದೇ ಅರ್ಥ.

ಇದೆಲ್ಲ ಗೊತ್ತಿದ್ದೇ ನಮ್ಮಪ್ಪ ಕಲ್ಯಾಣದುರ್ಗದಲ್ಲಿದ್ದ ತನ್ನ ಸ್ವಂತ ಅಕ್ಕನಿಗೆ, ಅಂದರೆ ನಮ್ಮತ್ತೆಗೆ, ನನ್ನಕ್ಕನ ಮದುವೆ ಕಾರ್ಡನ್ನು ನಮ್ಮ ಹಿಂದೂಪುರದಲ್ಲೇ ಅಂಚೆಡಬ್ಬಕ್ಕೆ ಹಾಕಿದ. ಜಗಳ ಹಳೆಯದು. ನಮ್ಮ ಗೃಹಪ್ರವೇಶದ ಊಟದಲ್ಲಿ ಅತ್ತೆಯ ಎಲೆಯ ಹತ್ತಿರ ಬರುವ ಹೊತ್ತಿಗೆ ಪಾಯಸ ಖಾಲಿಯಾಗಿತ್ತು, ಅದಕ್ಕೆ ಅಪ್ಪ ನಕ್ಕುಬಿಟ್ಟಿದ್ದ. ಪಾಯಸವನ್ನು ಅತ್ತೆ ಮರೆತಳು, ನಗುವನ್ನು ಮರೆಯಲಿಲ್ಲ. ಆ ಹೊಸ ಮನೆಯ ಸುಣ್ಣ ಉದುರಿ ಮತ್ತೆ ಬಳಿದರೂ ಅಕ್ಕತಮ್ಮಂದಿರು ಮಾತಾಡಿರಲಿಲ್ಲ.

ನನ್ನಕ್ಕ ಹೈಸ್ಕೂಲು ಓದಿದ್ದು ಅತ್ತೆಯ ಮನೆಯಲ್ಲಿದ್ದುಕೊಂಡು. "ಅತ್ತೆ ಬರದಿದ್ರೆ ನಾನು ಹಸೆ ಮೇಲೆ ಕೂರಲ್ಲ" ಎಂದು ಅವಳು ಹಟ ಹಿಡಿದಳು.

"ಕಾರ್ಡು ಹಾಕಿದೀನಲ್ಲ, ಇನ್ನೇನು ಕಾಲಿಗೆ ಬೀಳ್ಬೇಕಾ?" ಎಂದ ಅಪ್ಪ.

ಅಮ್ಮನೂ ನಾನೂ ಕುಂಕುಮದ ಬಟ್ಟಲು ಹಿಡಿದು ಬಸ್ಸು ಹತ್ತಿದೆವು. ಅತ್ತೆ ಹಣೆಗೆ ಇಡಿಸಿಕೊಂಡಳು, ಕಾಫಿ ಕೊಟ್ಟಳು, ಆಮೇಲೆ ಅಮ್ಮನನ್ನು ಕೇಳಿದಳು: "ಕಾರ್ಡು ಬಂತು, ಕುಂಕುಮ ಬಂತು. ಅವನ ಬಾಯಿ ಯಾವ ಬಸ್ಸಿಗೆ ಬತ್ತದೆ ಕಣಮ್ಮ?"

"ಅವ್ರಿಗೆ ಪುರುಸೊತ್ತಿಲ್ಲ ಅಕ್ಕ" ಎಂದು ಅಮ್ಮ ನೆಲ ನೋಡಿದಳು. ಅಮ್ಮನಿಗೆ ಸುಳ್ಳು ಹೇಳಲು ಬರುತ್ತಿತ್ತು, ನೆಲ ನೋಡದೆ ಹೇಳಲು ಬರುತ್ತಿರಲಿಲ್ಲ.

ಮದುವೆ ದಿನ ಅತ್ತೆ ಬಂದಳು. ಒಳಗಲ್ಲ, ಛತ್ರದ ಗೇಟಿನಾಚೆ ಬೇವಿನ ಮರದ ಕೆಳಗೆ. ರೇಷ್ಮೆ ಸೀರೆಯುಟ್ಟು, ಬರುವ ಬೀಗರಿಗೆಲ್ಲ ಕಾಣುವಂತೆ ಚಪ್ಪಡಿ ಕಲ್ಲಿನ ಮೇಲೆ ಕೂತಳು. ಕೇಳಿದವರಿಗೆ "ಇಲ್ಲಿ ಗಾಳಿ ಚೆನ್ನಾಗದೆ" ಎನ್ನುತ್ತಿದ್ದಳು. ಎಲೆ ಅಲ್ಲಾಡದ ಸೆಕೆ. ಸುದ್ದಿ ತಿಳಿದ ಅಕ್ಕ ಒಳಗೆ ಕೋಣೆಯ ಚಿಲಕ ಹಾಕಿಕೊಂಡಳು.

ಅಪ್ಪ ಮೈಕು ಹಿಡಿದ. ಮನೆಯಲ್ಲಿ ಕನ್ನಡದಲ್ಲೇ ಬೈಯುವ ಮನುಷ್ಯ, ಮೈಕು ಸಿಕ್ಕಿದರೆ ತೆಲುಗಿಗೆ ಹತ್ತಿಬಿಡುತ್ತಿದ್ದ. "ಕಲ್ಯಾಣದುರ್ಗಂ ಬಂಧುವುಲು ಲೋಪಲಿಕಿ ರಾವಾಲನಿ ಕೋರುತುನ್ನಾಮು" ಎಂದ.

"ಒಳಿಕ್ಕೆ ಬನ್ನಿ ಅಂತ ಊರಿಗೆ ಸಾರ್ತಾವನೆ, ನನ್ನ ಕರೀತಿಲ್ಲ" ಎಂದು ಅತ್ತೆ ಮರಕ್ಕೆ ಇನ್ನಷ್ಟು ಒರಗಿದಳು.

ಮುಹೂರ್ತ ಹತ್ತಿರವಾಯಿತು. ಪುರೋಹಿತರು ಗಡಿಯಾರ ನೋಡಿದರು, ಓಲಗದವರು ಅಪ್ಪನನ್ನು ನೋಡಿದರು, ಅಕ್ಕನ ಕೋಣೆಯ ಬಾಗಿಲು ತೆರೆಯಲಿಲ್ಲ. ಅಪ್ಪ ಮೈಕು ಕೆಳಗಿಟ್ಟು, ಒಂದು ಚೊಂಬು ನೀರು ತುಂಬಿಕೊಂಡು ಗೇಟು ದಾಟಿ ಹೋಗಿ ಅತ್ತೆಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ. ಹೊಸ ಪಂಚೆ ಮಣ್ಣಾಯಿತು. ಇಷ್ಟು ಮಾಡಿದವನು ಒಂದು ಒಳ್ಳೆಯ ಮಾತಾಡಬಾರದೆ?

"ಬಸ್ಸು ಲೇಟಾಯ್ತೇನಕ್ಕ?" ಎಂದ.

ನಾನು ಹಣೆ ಚಚ್ಚಿಕೊಂಡೆ. ಅತ್ತೆ ಅವನ ಪಂಚೆ ನೋಡಿದಳು, ಚೊಂಬು ನೋಡಿದಳು.

"ಬಸ್ಸು ಸರಿಯಾಗೇ ಬಂತು ಕಣ್ಲಾ" ಎಂದು ಕಾಲು ಮುಂದೆ ಚಾಚಿದಳು. "ಸುರಿ ಬೇಗ, ಒಳಗೆ ಹುಡುಗಿ ಅಳ್ತಾ ಕೂತವಳೆ."