ಗೆರೆಯಾಚೆ ಎರಡು ಬೆರಳು

ಈ ವರ್ಷ ಬೇಸಿಗೆ ಮುಗಿಯುತ್ತಿದ್ದ ಹೊತ್ತಿಗೆ ಮಗಳ ಗೆಳತಿಯ ಹುಟ್ಟುಹಬ್ಬಕ್ಕೆಂದು ಸಿಡ್ನಿಯ ಲಿವರ್‌ಪೂಲ್ ಬಡಾವಣೆಯ ಒಂದು ಬೌಲಿಂಗ್ ಸೆಂಟರ್‌ಗೆ ಹೋಗಿದ್ದೆ. ಅಲ್ಲಿ ನಮ್ಮ ಶೂ ಬಿಚ್ಚಿಟ್ಟು ಅವರು ಕೊಡುವ ಶೂ ಹಾಕಿಕೊಳ್ಳಬೇಕು. ಮಗಳ ಅಳತೆ ಹೇಳಲು ಕೌಂಟರ್ ಮುಂದೆ ನಿಂತಿದ್ದಾಗ, ಒಳಗಿದ್ದ ಹುಡುಗಿ ಯಾರೋ ಆಗಷ್ಟೇ ಬಿಚ್ಚಿಕೊಟ್ಟ ಜೋಡಿಯೊಳಗೆ ಔಷಧಿ ಸ್ಪ್ರೇ ಮಾಡಿದಳು. ನಿಂಬೆಯ ವಾಸನೆ, ಅದರ ಕೆಳಗೆ ಬೆವರು ಕುಡಿದ ತೊಗಲಿನ ವಾಸನೆ… ಅಳತೆ ಹೇಳುವುದೇ ಮರೆತುಹೋಯಿತು. "ಅಮ್ಮಾ, ವೈ ಆರ್ ಯು ಜಸ್ಟ್ ಸ್ಟ್ಯಾಂಡಿಂಗ್ ದೇರ್?" ಎಂದು ಮಗಳು ಕೈ ಜಗ್ಗಿದಳು. ಮೆಲ್ಬರ್ನ್ ಬಿಟ್ಟು ಸಿಡ್ನಿಗೆ ಬಂದು ಏಳು ವರ್ಷವಾಗಿತ್ತು. ಅಷ್ಟು ವರ್ಷ ನಾನು ಒಂದು ಬೌಲಿಂಗ್ ಸೆಂಟರ್‌ಗೂ ಕಾಲಿಟ್ಟಿರಲಿಲ್ಲ. ಯಾಕೆಂದು ಮಗಳು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ದಾವಣಗೆರೆಯಲ್ಲಿದ್ದಾಗ ನಾನು ಪತ್ರಿಕೆಯೊಂದರ ಕ್ರೀಡಾಪುಟದಲ್ಲಿ ಕೆಲಸ ಮಾಡುತ್ತಿದ್ದೆ. ಮದುವೆಯಾಗಿ ಮೆಲ್ಬರ್ನ್‌ನ ಕ್ರೇಗಿಬರ್ನ್‌ಗೆ ಬಂದಮೇಲೆ ಒಂದು ವರ್ಷ ಕೈಯಲ್ಲಿ ಕೆಲಸವಿರಲಿಲ್ಲ. ಕೊನೆಗೆ ಆ ಕಡೆಯ ಸಬರ್ಬ್‌ಗಳಿಗೆ ಹಂಚುವ ಒಂದು ಸಣ್ಣ ಇಂಗ್ಲಿಷ್ ವಾರಪತ್ರಿಕೆಯ ಸಂಪಾದಕರು, ಬೇರೆ ಯಾರೂ ಒಪ್ಪದಿದ್ದ ಕೆಲಸವನ್ನು ನನಗೆ ಕೊಟ್ಟರು. ಹೈಸ್ಕೂಲುಗಳ ಬೌಲಿಂಗ್ ಸ್ಪರ್ಧೆಯ ವರದಿ. ಆರು ಶಾಲೆಗಳು, ಪ್ರತಿ ಬುಧವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪಂದ್ಯ, ಹತ್ತು ವಾರ. ಬೌಲಿಂಗ್ ಎಂದರೆ ನನಗೆ ಅಲ್ಲಿಯವರೆಗೆ ಕ್ರಿಕೆಟ್ ಒಂದೇ. ಲೇನ್ ಎನ್ನುವ ಮರದ ಹಾದಿಯ ಮೇಲೆ ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಈ ಆಟವನ್ನು ನಾನು ಕಣ್ಣಾರೆ ನೋಡಿದ್ದೇ ಮೊದಲ ವರದಿಯ ದಿನ.

ಆ ವರದಿ ಅಚ್ಚಾದ ಮುಂದಿನ ಬುಧವಾರ ಶೂ ಕೌಂಟರ್‌ನಲ್ಲಿದ್ದ ಹೆಂಗಸು ಪತ್ರಿಕೆ ಹಿಡಿದು ನನ್ನನ್ನು ಕರೆದರು. ಅರವತ್ತರ ಆಸುಪಾಸು, ಗಿಡ್ಡ ಕೂದಲು, ಕೊರಳಲ್ಲಿ ತೆಳುವಾದ ಸರಕ್ಕೆ ಪುಟ್ಟ ಶಿಲುಬೆ. ವರದಿಯ ಮೇಲಿದ್ದ ನನ್ನ ಹೆಸರನ್ನು ಮತ್ತೊಮ್ಮೆ ಓದಿ, ಕನ್ನಡಕದ ಮೇಲಿಂದ ನೋಡಿದರು.

"ಕನ್ನಡದವರಾ? ಎಂತದು ಮಾರಾಯ್ತಿ ಇದು, ಸ್ಟ್ರೈಕಿಗೆ ಬರೀ ಹತ್ತು ಕೊಟ್ಟು ಕೂತಿದ್ದೀರಿ!"

ಮಂಗಳೂರು ಕಡೆಯ ಕೊಂಕಣಿ ಮನೆಯವರು. ಮದುವೆಗೆ ಮೊದಲು ಗಲ್ಫಿನ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದಾಗ, ಅದರ ನೆಲಮಾಳಿಗೆಯಲ್ಲಿದ್ದ ಎರಡು ಲೇನ್‌ಗಳಲ್ಲಿ ಆಟ ಕಲಿತಿದ್ದರಂತೆ. ಸೆಂಟರ್‌ನಲ್ಲಿ ಶೂ ಕೊಡುವುದು ಅವರ ಕೆಲಸ. ಬುಧವಾರಗಳಲ್ಲಿ ಮಾತ್ರ, ಹತ್ತಿರದ ಶಾಲೆಯೊಂದರ ಹುಡುಗಿಯರ ತಂಡಕ್ಕೆ ಕೋಚ್. ಅದು ಅವರು ಸುಮ್ಮನೆ ಪ್ರೀತಿಗೆ ಮಾಡುತ್ತಿದ್ದದ್ದು. ಹುಡುಗಿಯರೆಲ್ಲ ಅವರನ್ನು ಆಂಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೂರನೇ ವಾರಕ್ಕೆ ಅವರ 'ನೀವು' ನನ್ನ ಮಟ್ಟಿಗೆ 'ನೀನು' ಆಗಿತ್ತು.

ಸ್ಟ್ರೈಕ್ ಹೊಡೆದರೆ, ಅಂದರೆ ಒಂದೇ ಚೆಂಡಿಗೆ ಹತ್ತೂ ಪಿನ್ ಬೀಳಿಸಿದರೆ, ಮುಂದಿನ ಎರಡು ಚೆಂಡಿನ ಪಿನ್‌ಗಳೂ ಅದಕ್ಕೇ ಸೇರುತ್ತವೆ ಎಂಬುದನ್ನು ಅವರು ಶೂ ಅಳತೆ ಬರೆಯುವ ಚೀಟಿಯ ಹಿಂಭಾಗದಲ್ಲಿ ಬರೆದು ತೋರಿಸಿದರು. ಅಲ್ಲಿಂದ ಮುಂದೆ ಪ್ರತಿ ವಾರ ನನ್ನ ವರದಿ ಕತ್ತರಿಸಿ ಕೌಂಟರ್ ಪಕ್ಕದ ಗೋಡೆಗೆ ಅಂಟಿಸುತ್ತಿದ್ದರು. ತಪ್ಪಿದ್ದ ಕಡೆ ಕೆಂಪು ಪೆನ್ಸಿಲಿನ ಗೆರೆ. ಮೊದಲ ವರದಿಯಲ್ಲಿ ಏಳು ಗೆರೆ, ಐದನೆಯದರಲ್ಲಿ ಎರಡು. ಎಂಟನೆಯದರಲ್ಲಿ ಒಂದೇ ಒಂದು, ಅದೂ ಹುಡುಗಿಯೊಬ್ಬಳ ಹೆಸರಿನ ಕಾಗುಣಿತಕ್ಕೆ. "ಮಕ್ಕಳ ಹೆಸರು ತಪ್ಪಲಿಕ್ಕೆ ಆಗುದಿಲ್ಲ. ಅವರು ಅದನ್ನು ಅಜ್ಜಿಗೆ ಕಳಿಸ್ತಾರೆ ಗೊತ್ತುಂಟಾ?" ಎಂದಿದ್ದರು. ಊರಲ್ಲಿ ನಾಲ್ಕು ವರ್ಷ ಪತ್ರಿಕೆಯಲ್ಲಿದ್ದರೂ ನನ್ನ ಬರಹವನ್ನು ಅಷ್ಟು ಗಮನವಿಟ್ಟು ಓದಿದವರು ಯಾರೂ ಇರಲಿಲ್ಲ.

ಅವರ ತಂಡದ ನಾಯಕಿ ಅನಘಾ. ಬೆಂಗಳೂರಿನವರ ಮಗಳು, ಹದಿನಾರು ವರ್ಷ, ಎಡಗೈ ಆಟಗಾರ್ತಿ. ಅವಳ ತಂದೆ ನನ್ನ ಗಂಡನ ಆಫೀಸಿನಲ್ಲಿ ಮ್ಯಾನೇಜರ್. ನಾವು ಬಂದಿಳಿದಾಗ ಕ್ರೇಗಿಬರ್ನ್‌ನಲ್ಲಿ ರೆಂಟ್‌ಗೆ ಮನೆ ಹುಡುಕಿಕೊಟ್ಟವರು, ಮೊದಲ ವಾರ ಊಟ ಕಳಿಸಿದವರು ಅವರೇ. ಆ ವರ್ಷ, ಈ ದೇಶದಲ್ಲಿ ಕಾಯಂ ಆಗಿ ಉಳಿಯಲು ಬೇಕಾದ ನಮ್ಮ ಪಿಆರ್ ಅರ್ಜಿಗೆ ಕಂಪನಿಯಿಂದ ಹೋಗಬೇಕಿದ್ದ ಪತ್ರ ಸಹಿಗಾಗಿ ಅವರ ಮೇಜಿನ ಮೇಲಿತ್ತು. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ. ನೆಪವಾಗಿ ಹೇಳುತ್ತಿಲ್ಲ. ಆ ದಿನ ನನ್ನ ತಲೆಯಲ್ಲಿದ್ದದ್ದು ಅದೇ.

ಹತ್ತನೇ ಬುಧವಾರ ಫೈನಲ್. ಋತುವಿನ ಕೊನೆಯ ವರದಿಗೆ ಸಂಪಾದಕರು ಅರ್ಧ ಪುಟ ಕೊಟ್ಟಿದ್ದರು, ಒಳ್ಳೆಯ ಫೋಟೋ ಬೇಕೆಂದೂ ಹೇಳಿದ್ದರು. ಚೆಂಡು ಬಿಡುವಾಗ ಆಟಗಾರ್ತಿಯ ಪಾದ ಒಂದು ಗೆರೆಯನ್ನು ದಾಟಬಾರದು. ದಾಟಿದರೆ ಆ ಚೆಂಡಿಗೆ ಬಿದ್ದ ಪಿನ್‌ಗಳು ಲೆಕ್ಕಕ್ಕಿಲ್ಲ. ಪ್ರತಿ ಲೇನ್‌ಗೂ ಪಾದ ದಾಟಿದರೆ ಹೊತ್ತಿಕೊಳ್ಳುವ, ಗೆರೆ ಕಾಯುವ ಒಂದು ದೀಪವಿರುತ್ತದೆ, ಅಂದು ಆ ಲೇನ್‌ನದು ಕೆಟ್ಟಿತ್ತು. ಹಾಗಾಗಿ ಎರಡೂ ತಂಡದ ಕೋಚ್‌ಗಳು ಪಕ್ಕದಲ್ಲಿ ನಿಂತು ಗೆರೆ ನೋಡಬೇಕೆಂದು ಮೊದಲೇ ಮಾತಾಗಿತ್ತು.

ಕೊನೆಯ ಚೆಂಡು ಅನಘಾಳದ್ದು. ಗೆಲ್ಲಲು ಆರು ಪಿನ್ ಬೇಕಿತ್ತು. ನಾನು ಲೇನ್ ಪಕ್ಕ ನೆಲಕ್ಕೆ ಕೂತು ಕ್ಯಾಮೆರಾ ಹಿಡಿದಿದ್ದೆ. ಅವಳು ಓಡಿ ಬಂದಳು, ಜಾರಿದಳು, ಚೆಂಡು ಬಿಟ್ಟಳು. ಎಂಟು ಪಿನ್ ಬಿದ್ದವು. ಕಿರುಚಾಟ, ಚಪ್ಪಾಳೆ, ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಎಲ್ಲರ ಕಣ್ಣೂ ಪಿನ್‌ಗಳ ಮೇಲಿತ್ತು, ಎದುರು ತಂಡದ ಕೋಚ್‌ನದೂ ಸೇರಿ. ಆಂಟಿ ಮಾತ್ರ ಪಾದ ನೋಡಿದ್ದರು. ಅವರ ಕೈ ಮೇಲೆ ಹೋಯಿತು.

"ಫೌಲ್," ಎಂದರು. ದೊಡ್ಡ ದನಿಯೇನಲ್ಲ. "ಇಟ್ಸ್ ಓವರ್ ದ ಲೈನ್."

ಕುಣಿತ ನಿಂತಿತು. ಅನಘಾ ತನ್ನ ಶೂ ನೋಡಿಕೊಳ್ಳುತ್ತ ಅಲ್ಲೇ ನಿಂತಳು. ಅವಳ ಅಮ್ಮ ಹಿಂದಿನ ಕುರ್ಚಿಗಳಿಂದ ಇಳಿದು ಬಂದರು.

"ಏನ್ರೀ ಇದು? ಆ ಟೀಮ್ ಕೋಚೇ ಏನೂ ಹೇಳ್ತಿಲ್ಲ, ನೀವು ನಮ್ ಮಗೂಗೇ ಫೌಲ್ ಕೊಡ್ತೀರಾ? ನಿಮಗೆ ಕಣ್ಣು ಸರಿಯಾಗಿ ಕಾಣುತ್ತಾ?"

"ಕಂಡದ್ದನ್ನೇ ಹೇಳಿದ್ದು," ಎಂದರು ಆಂಟಿ.

ಅನಘಾಳ ಅಮ್ಮ ನನ್ನ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಕೂತಿದ್ರಲ್ಲ, ಹೇಳಿ. ಕಾಲು ದಾಟಿತ್ತಾ?"

ದಾಟಿತ್ತು. ನಾನು ನೋಡಿದ್ದೆ. ಕಪ್ಪು ಗೆರೆಯಾಚೆ ಶೂವಿನ ತುದಿ ಎರಡು ಬೆರಳಿನಷ್ಟು ಚಾಚಿದ್ದನ್ನು ಕ್ಯಾಮೆರಾದಲ್ಲಿ ನೋಡುತ್ತಲೇ ಗುಂಡಿ ಒತ್ತಿದ್ದೆ.

"ನಾನು… ಪಿನ್ ಕಡೆ ನೋಡ್ತಿದ್ದೆ," ಎಂದೆ.

ಆಂಟಿ ನನ್ನನ್ನು ನೋಡಿದರು. ಕೋಪದ ನೋಟವಲ್ಲ. ನನ್ನ ವರದಿಯಲ್ಲಿ ಏನೋ ತಪ್ಪಿದೆ ಅನಿಸಿದಾಗ ಆ ಸಾಲನ್ನು ಎರಡನೇ ಸಲ ಓದುತ್ತಿದ್ದರಲ್ಲ, ಹಾಗೆ.

ಫೌಲ್ ಉಳಿಯಿತು, ತಂಡ ಸೋತಿತು. ಜನ ಹೊರಟಮೇಲೆ ನಾನು ಶೂ ಹಿಂದಿರುಗಿಸಲು ಕೌಂಟರ್‌ಗೆ ಹೋದೆ. ಬೇರೆ ದಾರಿಯಿರಲಿಲ್ಲ, ನನ್ನ ಶೂ ಅವರ ಬಳಿಯಿತ್ತು. ಅವರು ಒಂದೊಂದೇ ಜೋಡಿಗೆ ಸ್ಪ್ರೇ ಮಾಡುತ್ತ, ತಲೆ ಎತ್ತದೆ ಕೇಳಿದರು.

"ನಿನ್ನ ಫೋಟೋದಲ್ಲಿ ಅದು ಬಂದಿರ್ಬೇಕು. ಒಮ್ಮೆ ನೋಡ್ತೀಯಾ? ನನಗಾಗಿ ಅಲ್ಲ. ಆ ಮಗುವಿಗೆ ಸಮಾಧಾನ ಆಗ್ತದೆ, ಸುಮ್ಮನೆ ಸೋಲಿಸಿದ್ರು ಅಂತ ಇರುದು ಬೇಡ."

ನಾನು ಕ್ಯಾಮೆರಾ ತೆರೆದು ನೋಡಿದಂತೆ ಮಾಡಿದೆ. ಆ ಫೋಟೋ ನನ್ನ ಹೆಬ್ಬೆರಳಿನ ಕೆಳಗೇ ಇತ್ತು, ಗೆರೆ, ಶೂ, ಎಲ್ಲ ಚೊಕ್ಕವಾಗಿ.

"ಬ್ಲರ್ ಆಗಿದೆ ಆಂಟಿ. ಏನೂ ಗೊತ್ತಾಗ್ತಿಲ್ಲ."

"ಆಯ್ತು ಬಿಡು," ಎಂದರು. ನನ್ನ ಶೂ ತೆಗೆದು ಕೌಂಟರ್ ಮೇಲಿಟ್ಟರು. ಎಂದಿನಂತೆ ಲೇಸ್‌ಗಳನ್ನು ಒಳಗೆ ಮಡಚಿ.

ಮರುದಿನ ಋತುವಿನ ಕೊನೆಯ ವರದಿ ಬರೆದೆ. ಹತ್ತು ವಾರಗಳ ಏಳುಬೀಳು, ಯಾವ ಶಾಲೆ ಎಲ್ಲಿ ಮೇಲೆ ಬಂತು, ಉಳಿದ ಪಿನ್‌ಗಳನ್ನು ಎರಡನೇ ಚೆಂಡಿಗೆ ಬೀಳಿಸುವ ಸ್ಪೇರ್ ಯಾರದು ಎಷ್ಟು ಚಂದ… ಎಲ್ಲ ಬರೆದು, ಫೈನಲ್‌ಗೆ ಬಂದಾಗ 'ವಿವಾದಾಸ್ಪದ ನಿರ್ಧಾರ' ಎಂಬ ಮಾತು ಹಾಕಿದೆ. ಸುಳ್ಳೆಂದು ಯಾರೂ ಹಿಡಿಯಲಾಗದ ಮಾತು, ವಿವಾದ ಆದದ್ದಂತೂ ನಿಜ ತಾನೆ! ಹುಡುಗಿಯರು ಕೈ ಕೈ ಹಿಡಿದು ನಿಂತ ಬೇರೊಂದು ಫೋಟೋ ಕಳಿಸಿದೆ.

ಆ ಮಾತನ್ನೇ ಹಿಡಿದು ಕೆಲವು ತಾಯ್ತಂದೆಯರು ಶಾಲೆಗೆ ಪತ್ರ ಬರೆದರು. ಕೋಚ್‌ಗೆ ವಯಸ್ಸಾಗಿದೆ, ದೃಷ್ಟಿ ಮಂದ, ಪತ್ರಿಕೆಯಲ್ಲೂ ಬಂದಿದೆ ಎಂದು. ಮುಂದಿನ ವರ್ಷದಿಂದ ಬೇರೆಯವರನ್ನು ನೋಡುತ್ತೇವೆ ಎಂದು ಶಾಲೆಯವರು ಅವರಿಗೊಂದು ಹೂಗುಚ್ಛ ಕೊಟ್ಟು ಕಳಿಸಿದರಂತೆ. ಇದನ್ನು ನನಗೆ ಹೇಳಿದ್ದು ಅನಘಾಳ ಅಮ್ಮನೇ, ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತ. ನಾನು ಇನ್ನೊಂದು ಲೋಟ ಬಗ್ಗಿಸಿಕೊಟ್ಟೆ.

ಸಿಡ್ನಿಗೆ ಹೊರಡುವ ಮೊದಲು ಒಂದೇ ಒಂದು ಸಲ ಆ ಸೆಂಟರ್‌ಗೆ ಹೋದೆ. ಅಂದು ಆಂಟಿಗೆ ರಜೆಯೆಂದು ಮೊದಲೇ ವಿಚಾರಿಸಿಕೊಂಡು ಹೋಗಿದ್ದೆ, ಅದನ್ನೂ ಇಲ್ಲಿ ಬರೆಯಬೇಕು. ಗೋಡೆಯ ಮೇಲೆ ನನ್ನ ಹತ್ತೂ ವರದಿಗಳು ಇದ್ದವು. ಕೊನೆಯದನ್ನೂ ಕತ್ತರಿಸಿ ಅಷ್ಟೇ ನೀಟಾಗಿ ಅಂಟಿಸಿದ್ದರು. ಬಗ್ಗಿ ಹತ್ತಿರದಿಂದ ನೋಡಿದೆ. ಅದರಲ್ಲಿ ಒಂದೂ ಕೆಂಪು ಗೆರೆ ಇರಲಿಲ್ಲ.

ಪಿಆರ್ ಬಂದಮೇಲೆ ಒಮ್ಮೆ ಗಂಡನಿಗೆ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಫೋನ್ ಪಕ್ಕಕ್ಕಿಟ್ಟ. ಆಮೇಲೆ, "ಅನಘಾ ಅಪ್ಪ ಅಂಥೋರಲ್ಲ ಕಣೆ. ಫೋಟೋ ತೋರಿಸಿದ್ರೆ ಅವರೇ ಹೋಗಿ ಆ ಆಂಟಿಗೆ ಸಾರಿ ಹೇಳ್ತಿದ್ರು," ಎಂದ. ಅದು ನನಗೂ ಗೊತ್ತಿತ್ತೋ ಏನೋ…

ಲಿವರ್‌ಪೂಲ್‌ನಿಂದ ಬಂದ ಆ ಸಂಜೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಫೋಟೋ ಹುಡುಕಿದೆ. ಸಿಕ್ಕಿತು. ಮರುದಿನ ಅನಘಾಳ ನಂಬರ್ ಸಂಪಾದಿಸಿ ಫೋನ್ ಮಾಡಿದೆ. ಅವಳೀಗ ಮೆಲ್ಬರ್ನ್‌ನಲ್ಲಿ ಫಿಸಿಯೋಥೆರಪಿಸ್ಟ್. ಮಾತಿನ ನಡುವೆ ಕನ್ನಡ, ಹೆಚ್ಚು ಇಂಗ್ಲಿಷ್. ಆಂಟಿ ಎಲ್ಲಿದ್ದಾರೆ, ಅವರಿಗೊಂದು ಫೋಟೋ ಕಳಿಸಬೇಕು ಎಂದೆ. ಯಾವ ಫೋಟೋ ಎಂದು ಅವಳು ಕೇಳಿದಳು. ಹೇಳಿದೆ.



"ಷಿ ಪಾಸ್ಡ್ ಅವೇ. ಎರಡು ವರ್ಷ ಆಯ್ತು."

ಅವಳೇ ಮುಂದುವರಿಸಿದಳು. ಕಾಲು ಜಾರಿ ಗೆರೆ ದಾಟಿದ್ದು ಅವತ್ತೇ ಅವಳಿಗೆ ಗೊತ್ತಾಗಿತ್ತಂತೆ. ವಾರ ಕಳೆದು ಒಬ್ಬಳೇ ಬಸ್ ಹತ್ತಿ ಹೋಗಿ ಕೌಂಟರ್ ಮುಂದೆ ನಿಂತು ಹೇಳಿಕೊಂಡಿದ್ದಳಂತೆ. ಮನೆಯಲ್ಲೂ, ಶಾಲೆಯಲ್ಲೂ ಹೇಳುತ್ತೇನೆ ಎಂದಾಗ, ಮೊದಲು ಪರೀಕ್ಷೆ ಮುಗಿಸು, ನನಗೆ ನೀನು ಹೇಳಿದ್ದೇ ಸಾಕು ಎಂದರಂತೆ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಭಾನುವಾರ ಇಬ್ಬರೂ ಸೇರಿ ಆಡಿದ್ದರು. ಚರ್ಚ್‌ನಲ್ಲಿ ಅವರ ಕೊನೆಯ ಪೂಜೆಯ ದಿನ ಅನಘಾ ಎದ್ದು ನಿಂತು ಆ ಫೌಲ್‌ನ ಕತೆಯನ್ನು ಎಲ್ಲರೆದುರು ಹೇಳಿದಳಂತೆ, ಅವಳ ಅಮ್ಮನೂ ಅಲ್ಲೇ ಕೂತಿದ್ದರು.

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಒನ್ಸ್. ನಾನು ನಿಮ್ಮ ಆರ್ಟಿಕಲ್ ಬಗ್ಗೆ ಸಿಟ್ಟು ಮಾಡ್ಕೊಂಡಿದ್ದೆ. ಅವರು ಹೇಳಿದ್ರು, ಅವಳು ಬ್ಯಾಡ್ ಅಲ್ಲ, ಹೆದರಿದಾಳೆ ಅಷ್ಟೇ, ಅಂತ."

ಹದಿನಾರರ ಹುಡುಗಿ ಬಸ್ ಹತ್ತಿ ಹೋಗಿ ಹೇಳಿದ್ದನ್ನು ಮೂವತ್ತೊಂದರ ನಾನು ಏಳು ವರ್ಷ ಒಂದು ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಈಗ ಅದು ಯಾರಿಗೂ ಬೇಕಾಗಿಲ್ಲ. ಸತ್ಯ ಎಲ್ಲರಿಗೂ ಗೊತ್ತಾಗಿದೆ, ನಾನಿಲ್ಲದೆಯೇ. ನನ್ನನ್ನು ಕ್ಷಮಿಸಿದ ಆಂಟಿಯೂ ಈಗಿಲ್ಲ, ನಾನು ಕ್ಷಮೆ ಕೇಳುವ ಮೊದಲೇ ಆ ಕೆಲಸ ಮುಗಿಸಿ ಹೋಗಿದ್ದಾರೆ.

ಮೆಲ್ಬರ್ನ್‌ಗೆ ಬಂದರೆ ಹೇಳಿ, ಸಮಾಧಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದು ಅನಘಾ ಫೋನ್ ಇಡುವ ಮೊದಲು ಎರಡು ಸಲ ಹೇಳಿದಳು. ಖಂಡಿತ ಬರುತ್ತೇನೆ ಎಂದೆ. ಕಳೆದ ತಿಂಗಳು ನಾರ್ತ್ ಸಿಡ್ನಿಯ ನಮ್ಮ ಆಫೀಸಿನವರು ನನ್ನನ್ನು ಎರಡು ದಿನದ ಕೆಲಸಕ್ಕೆ ಮೆಲ್ಬರ್ನ್‌ಗೆ ಕಳಿಸಿದ್ದರು. ಎರಡನೇ ದಿನ ಮಧ್ಯಾಹ್ನವೆಲ್ಲ ಬಿಡುವಿತ್ತು. ಹೋಟೆಲ್ ಕೋಣೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಅನಘಾಗೆ ಫೋನ್ ಮಾಡಲಿಲ್ಲ.